ಕೆಜಿಎಫ್ ಅಂದ್ರೆ ಸಿನಿಮಾ ಸೆಟ್ಟಲ್ಲ ಸ್ವಾಮಿ

2018ರಲ್ಲಿ ಆ ಸಿನಿಮಾ ಬಂದ ಮೇಲೆ ಬೈಕ್ ಹತ್ತಿ ನಮ್ಮೂರಿಗೆ ಬರುವವರು ಜಾಸ್ತಿಯಾದರು. ಸೈನೈಡ್ ದಿಬ್ಬದ ಮೇಲೆ ಸೆಲ್ಫಿ, ಎರಡು ರೀಲ್ಸ್, ವಾಪಸ್. ಆಮೇಲೆ ನಮ್ಮ ಬಗ್ಗೆ ನಮಗೇ ಪಾಠ: ಅದು ರೌಡಿಗಳ ಊರಂತೆ, ಅಲ್ಲಿರೋರೆಲ್ಲ ಹೊರಗಿನವರಂತೆ.

ಈ ಅಂತೆಕಂತೆ ಸಾಕು. ಆ ದಿಬ್ಬ ಬೆಟ್ಟವಲ್ಲ. ಕಲ್ಲು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು. ಗಾಳಿ ಎದ್ದರೆ ಅದರ ದೂಳು ಬರುವುದು ನಮ್ಮ ಅಡುಗೆಮನೆಗೆ, ನಿಮ್ಮ ರೀಲ್ಸಿಗಲ್ಲ.

ಹೊರಗಿನವರು ಯಾರು? 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ತೋಡಿಸಿದಾಗ ಆರ್ಕಾಟು, ಚಿತ್ತೂರು ಕಡೆಯಿಂದ ಕೂಲಿಗೆ ಬಂದರು, ಬಹಳ ಮಂದಿ ದಲಿತರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದದ್ದು ಈ ಗಣಿಗೆ, ಬೆಂಗಳೂರಿಗೆ ಆಮೇಲೆ. ತಲೆಮಾರುಗಳಿಂದ ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದವರನ್ನು ಹೊರಗಿನವರು ಅನ್ನೋದು ಯಾವ ನ್ಯಾಯ?

ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಗ್ಯಾರೇಜಿನಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ. ಒಂದೇ ಮಾತಿನಲ್ಲಿ ನಾಲ್ಕೂ ಬರುತ್ತೆ. ನಾವು ಅಂದ್ರೆ ಇದೇ. ಬಂಗಾರಪೇಟೆಯಲ್ಲಿ ನೀರಿನಂಥ ತಿಳಿ ಪಾನಿಯ ಪಾನಿಪುರಿ ಅಂಗಡಿ ಮುಂದೆ ನಿಮ್ಮ ಮಾತೃಭಾಷೆ ಯಾವುದು ಅಂತ ಯಾರೂ ಕೇಳಲ್ಲ, ಖಾರ ಎಷ್ಟಿರಲಿ ಅಂತ ಕೇಳ್ತಾರೆ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಂದ ಸಾವಿರಾರು ಜನ ನಸುಕಿಗೇ ಮಾರಿಕುಪ್ಪಂ ರೈಲಿಗೆ ಓಡಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆ ಸೇರ್ತಾರೆ. ಅದರ ಮೇಲೆ ಯಾರೂ ಸಿನಿಮಾ ತೆಗೆದಿಲ್ಲ. ನಮ್ಮನ್ನು ತಿಳಿಯಬೇಕಿದ್ದರೆ ಒಂದು ಸೋಮವಾರ ಆ ರೈಲು ಹತ್ತಿ. ಸೀಟು ಸಿಗಲ್ಲ, ಮೊದಲೇ ಹೇಳಿರ್ತೀವಿ.