ಕಂದಾಯ ಮತ್ತು ಸಮ್ಮತಿ

ಸ್ವಾತಂತ್ರ್ಯದ ಮಾತು ಬಂದೊಡನೆ ಆಂಗ್ಲರ ಆಳ್ವಿಕೆಯ ಗುಣದೋಷಗಳ ಲೆಕ್ಕ ತೆಗೆಯುವವರು ಇಂದಿಗೂ ಇದ್ದಾರೆ. ರಸ್ತೆ, ಅಂಚೆ, ನ್ಯಾಯಾಲಯಗಳು ಒಂದು ತಟ್ಟೆಯಲ್ಲಿ. ಜಪ್ತಿ, ಸೆರೆಮನೆಗಳು ಇನ್ನೊಂದರಲ್ಲಿ. ಈ ತಕ್ಕಡಿಯೇ ತಪ್ಪೆಂದು ನನ್ನ ಅಭಿಪ್ರಾಯ. ಆಳ್ವಿಕೆ ಹೇಗಿತ್ತೆಂಬುದಕ್ಕಿಂತ, ಅದು ಬೇಡವಾದಾಗ ಬದಲಿಸುವ ಅಧಿಕಾರ ಪ್ರಜೆಗಳಿಗಿತ್ತೇ ಎಂದು ಕೇಳಬೇಕು.

ಸಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನೇ ನೋಡೋಣ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಜನರ ಮತ ಕೇಳುವ ಪದ್ಧತಿಯೇ ಆಗ ಇರಲಿಲ್ಲ. ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟವೇ ಜೀವ. ಅಲ್ಲಿ ಸೊಪ್ಪು ಕಡಿಯುವುದು ತೋಟಿಗನ ಹಕ್ಕೋ, ಸರಕಾರದ ಕೃಪೆಯೋ ಎಂಬುದೂ ಸರಕಾರವೇ ಹೇಳಬೇಕಾದ ಮಾತಾಗಿತ್ತು. ಅರ್ಜಿ ಬರೆದುಕೊಳ್ಳಬಹುದಿತ್ತು, ಅರ್ಜಿಯನ್ನು ತಿರಸ್ಕರಿಸಿದವರನ್ನು ತಿರಸ್ಕರಿಸುವ ಉಪಾಯವಿರಲಿಲ್ಲ.

1919ರ ಸುಧಾರಣೆಯಿಂದ ಚುನಾಯಿತ ಸದಸ್ಯರು ಶಾಸನಸಭೆಗೆ ಬಂದರು, ನಿಜ. ಆದರೆ ಭೂಕಂದಾಯ ಗವರ್ನರರ ಕೈಯಲ್ಲೇ ಉಳಿಯಿತು. ರೈತನಿಗೆ ಯಾವುದು ಮುಖ್ಯವೋ ಅದೇ ಅವನ ಪ್ರತಿನಿಧಿಗೆ ಎಟುಕದು!

ಆಗ ಉಳಿದದ್ದು ಕೊಡೆನೆಂಬ ಮಾತೊಂದೇ. 1931-32ರ ಕರನಿರಾಕರಣೆಯಲ್ಲಿ ಸಿದ್ದಾಪುರ ಸೀಮೆ ಅಂಕೋಲೆಯ ಜೊತೆಗೆ ಮುಂಚೂಣಿಯಲ್ಲಿತ್ತು. ಭೂಮಿ ಜಪ್ತಾಯಿತು, ಪಾತ್ರೆಪಗಡಗಳು ಹರಾಜಾದವು. ಮಾವಿನಗುಂಡಿಯಲ್ಲಿ ಜಪ್ತಿಯ ಸ್ವತ್ತು ಕೊಂಡವರ ಮನೆಯೆದುರು ಸ್ತ್ರೀಯರು ಉಪವಾಸ ಕುಳಿತರು. ಅವರ ಸ್ಮಾರಕ ಅಲ್ಲಿದೆ. ಕಾನೂನು ಮುರಿದರಲ್ಲಾ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಆ ಕಾನೂನನ್ನು ಮಾಡುವಾಗ ಅವರನ್ನು ಕೇಳಿದವರಾರು?

ಕಳೆದ ಭೂಮಿ ಮರಳಿದ ಬಗೆ ಇನ್ನೂ ಸ್ವಾರಸ್ಯವಾದುದು. 1937ರ ಚುನಾವಣೆಯ ನಂತರ ಮುಂಬಯಿಯಲ್ಲಿ ಬಿ. ಜಿ. ಖೇರ್ ಅವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಮರುವರ್ಷ ಜಪ್ತಿಯ ಜಮೀನುಗಳನ್ನು ಹಿಂದಿರುಗಿಸಲು ಶಾಸನವಾಯಿತು. ಅದೇ ಪ್ರಾಂತ, ಅದೇ ಕಚೇರಿ. ಒಳಗೆ ಕುಳಿತವರು ಮಾತ್ರ ಮತದಾರರಿಗೆ ಉತ್ತರ ಹೇಳಬೇಕಾದವರು.

ಆದರೆ ಆ ಮತವೂ ಎಲ್ಲರದಾಗಿರಲಿಲ್ಲ. ಆಸ್ತಿ, ತೆರಿಗೆ, ಓದುಬರಹಗಳ ಅರ್ಹತೆ ಬೇಕಿತ್ತು. ತೋಟದ ಒಡೆಯನಿಗೆ ದೊರೆತದ್ದು ಅವನ ಕೊನೆಗೌಡನಿಗೆ ದೊರೆಯಲಿಲ್ಲ. ಇದನ್ನು ನಮ್ಮ ಹೋರಾಟದ ಕಥೆ ಹೇಳುವವರು ಬೇಗ ದಾಟಿಬಿಡುತ್ತಾರೆ. ಅಂಥವರಿಗೆಲ್ಲ ಮತ ಬಂದದ್ದು 1951-52ರ ಸಾರ್ವತ್ರಿಕ ಚುನಾವಣೆಯಲ್ಲಿ. ಅದನ್ನೂ ಅವರು ಮುಂಬಯಿ ರಾಜ್ಯದವರಾಗಿಯೇ ಹಾಕಿದರು. ಕನ್ನಡ ರಾಜ್ಯಕ್ಕೆ ಸೇರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.