ಮನೆ ನೋಡಲು ಬರುವವರು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಮನೆಯನ್ನು ಮಾರುವ ಕಷ್ಟವನ್ನು ಮಾತ್ರ ಆ ಗಾದೆ ಹೇಳದೆ ಬಿಟ್ಟಿದೆ. ಮನೆಯೆಂಬುದು ಮಾರತಕ್ಕ ವಸ್ತುವೆಂದು ಹಿರಿಯರು ಎಣಿಸಿರಲಿಲ್ಲವೆಂದು ತೋರುತ್ತದೆ. ಈಗಲಾದರೋ ಮಕ್ಕಳು ದೂರದೇಶಗಳಲ್ಲಿ ನೆಲಸುವುದರಿಂದಲೋ, ಅಣ್ಣತಮ್ಮಂದಿರು ಪಾಲಾಗುವುದರಿಂದಲೋ, ಮುಪ್ಪಿನಲ್ಲಿ ಮಹಡಿಯ ಮೆಟ್ಟಿಲನ್ನು ಹತ್ತಲಾರದುದರಿಂದಲೋ ಅನೇಕ ಕುಟುಂಬಗಳಿಗೆ ಈ ಪ್ರಸಂಗವು ಒದಗುತ್ತಿದೆ. ಕಾಗದಪತ್ರಗಳ ವಿಷಯದಲ್ಲಿ ವಕೀಲರ ಸಲಹೆಯನ್ನು ಪಡೆಯುವವರುಂಟು. ಆದರೆ ಅಪರಿಚಿತರು ನಮ್ಮ ನಡುಮನೆಯಲ್ಲಿ ನಿಂತು ಗೋಡೆಯನ್ನು ತಟ್ಟಿ ನೋಡುವ ದಿನಗಳಿಗೆ ಸಿದ್ಧರಾಗಿರುವವರು ವಿರಳ. ಆದುದರಿಂದ ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತು ಬರೆಯುವೆವು. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳ ಮನೆಗಳನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದರೂ ಇತರ ಊರುಗಳವರಿಗೂ ಇದು ಉಪಯೋಗವಾದೀತು.

ಮೊದಲು ತಿಳಿಯಬೇಕಾದುದೇನೆಂದರೆ, ನೋಡಲು ಬರುವವರೆಲ್ಲರೂ ಕೊಳ್ಳುವವರಲ್ಲ. ಬೀದಿಯ ಬೆಲೆಯನ್ನು ತಿಳಿದು ತಮ್ಮ ಮನೆಗೆ ಬೆಲೆ ಕಟ್ಟಿಕೊಳ್ಳಲು ಬರುವ ನೆರೆಯವರುಂಟು. ಆಸೆಯಿದ್ದು ಹಣದ ಏರ್ಪಾಡಿಲ್ಲದವರುಂಟು. ದಲ್ಲಾಳಿಯು ಹತ್ತು ಮನೆಗಳನ್ನು ತೋರಿಸುವ ಭರದಲ್ಲಿ ಕರೆದುಕೊಂಡು ಬಂದವರೂ ಉಂಟು. ನಿಜವಾಗಿ ಕೊಳ್ಳುವವರು ಒಂದೇ ಸಲ ಬಂದು ಹೋಗುವುದಿಲ್ಲ. ಮೊದಲು ಗಂಡಹೆಂಡಿರು ಬರುವರು. ಮೆಚ್ಚಿಗೆಯಾದರೆ ಮನೆಯ ಹಿರಿಯರನ್ನು ಕರೆತರುವರು. ಮೂರನೆಯ ಸಲ ಮೇಸ್ತ್ರಿಯೋ ವಾಸ್ತು ಬಲ್ಲವರೋ ಜೊತೆಗಿರುವರು. ಮಳೆ ಬಿದ್ದ ಮರುದಿನ ಹೇಳದೆ ಬಂದರೂ ಆಶ್ಚರ್ಯಪಡಬೇಕಾಗಿಲ್ಲ. ಸೂರು ಸೋರುವುದೇ ಎಂದು ನೋಡುವುದು ಅವರ ಧರ್ಮವೇ. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಬಾಗಿಲು ತಟ್ಟುವವರು ಕಡಿಮೆ. ಅದನ್ನು ಕಂಡು ಮನೆಗೆ ಬೆಲೆಯಿಲ್ಲವೆಂದು ಹೆದರಿ ಇಳಿಸಿ ಹೇಳುವುದು ಅವಿವೇಕ.

ತೋರಿಸುವುದಕ್ಕೆ ಮುಂಚೆ ಮಾಡಬೇಕಾದ ಸಿದ್ಧತೆ ಹೆಚ್ಚೇನೂ ಅಲ್ಲ. ಕಿಟಕಿಗಳನ್ನು ತೆರೆದು ಗಾಳಿಬೆಳಕು ಬರುವಂತೆ ಮಾಡಿರಿ. ಸೋರುವ ನಲ್ಲಿಯನ್ನೂ ಕಿರುಗುಟ್ಟುವ ಬಾಗಿಲನ್ನೂ ಸರಿಪಡಿಸಿರಿ. ಅಟ್ಟದ ಮೇಲಿನ ಹಳೆಯ ಸಾಮಾನನ್ನು ಕಳೆದುಬಿಡಿರಿ. ಹೇಗಿದ್ದರೂ ಅದು ಹೊಸ ಮನೆಗೆ ಬರತಕ್ಕದ್ದಲ್ಲ. ಆದರೆ ತೇವದಿಂದ ಉಪ್ಪು ಅರಳಿದ ಗೋಡೆಗೆ ಅವಸರದಲ್ಲಿ ಬಣ್ಣ ಬಳಿಸುವುದು ಮಾತ್ರ ಕೂಡದು. ಎರಡು ತಿಂಗಳಲ್ಲಿ ಆ ತೇವವು ಮತ್ತೆ ಮೇಲೆದ್ದು ಬರುವುದು; ಬಣ್ಣದ ಖರ್ಚಿನೊಡನೆ ಮರ್ಯಾದೆಯೂ ಹೋಗುವುದು.

ಬಂದವರು ಕೇಳುವ ಪ್ರಶ್ನೆಗಳನ್ನು ಮುಂಚಿತವಾಗಿಯೇ ಊಹಿಸಬಹುದು. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬರುವುದು? ಕೊಳವೆಬಾವಿ ಎಷ್ಟು ಆಳ, ಬೇಸಗೆಯಲ್ಲಿ ನೀರುಂಟೆ? ನೆಲದಡಿಯ ತೊಟ್ಟಿ ಎಷ್ಟು ದೊಡ್ಡದು? ಮದರಾಸು ತಾರಸಿಯಾದರೆ ಮರದ ತೊಲೆಗಳಿಗೆ ಗೆದ್ದಲು ಹತ್ತಿದೆಯೆ? ಬಾಗಿಲು ಯಾವ ದಿಕ್ಕಿಗೆ, ಅಡಿಗೆಮನೆ ಆಗ್ನೇಯದಲ್ಲಿದೆಯೆ? ಏಕೆ ಮಾರುತ್ತಿದ್ದೀರಿ? ಈ ಕೊನೆಯ ಪ್ರಶ್ನೆಗೆ ಒಂದು ವಾಕ್ಯದ ಸತ್ಯವಾದ ಉತ್ತರ ಸಾಕು. ಸಾಲದ ಕಥೆಯನ್ನೂ ದಾಯಾದಿಗಳ ಜಗಳವನ್ನೂ ವಿಸ್ತರಿಸಿದರೆ ಕೇಳುವವರು ಅದನ್ನು ಬೆಲೆ ಇಳಿಸುವ ಸಾಧನವಾಗಿ ಮಾಡಿಕೊಳ್ಳುವರು. ಅವರು ದೋಷ ಹೇಳಿದರೆ ಅದನ್ನು ಮನೆತನದ ನಿಂದೆಯೆಂದು ಎಣಿಸಬಾರದು. ದೋಷ ಹುಡುಕುವವನೇ ಬಹುಮಟ್ಟಿಗೆ ಕೊಳ್ಳುವವನು. ಎಲ್ಲವನ್ನೂ ಹೊಗಳಿ ಕಾಫಿ ಕುಡಿದು ಹೋದವರು ಮರಳಿ ಬರುವುದು ಅಪರೂಪ.

ದೋಷವನ್ನು ನಾವಾಗಿಯೇ ಹೇಳಬೇಕೆ? ಅವರು ಕಂಡುಹಿಡಿಯಲಿ, ನಮಗೇಕೆ ಎನ್ನುವವರು ಅನೇಕರು. ಇಲ್ಲಿ ಧರ್ಮವೂ ಕಾನೂನೂ ಒಂದೇ ಮಾತನ್ನು ಹೇಳುತ್ತವೆ. ೧೮೮೨ನೆಯ ಇಸವಿಯ ಸ್ವತ್ತು ವರ್ಗಾವಣೆಯ ಶಾಸನದ ೫೫ನೆಯ ಪ್ರಕರಣದ ಪ್ರಕಾರ, ಬೇರೆ ಕರಾರಿಲ್ಲದಿದ್ದಲ್ಲಿ, ಸ್ವತ್ತಿನಲ್ಲಿಯಾಗಲಿ ಹಕ್ಕಿನಲ್ಲಿಯಾಗಲಿ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ತಿಳಿದು ಕೊಳ್ಳುವವನಿಗೆ ತಿಳಿಯದೆ, ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದಂಥದಾಗಿದ್ದರೆ ಅದನ್ನು ತಿಳಿಸುವುದು ಮಾರುವವನ ಕರ್ತವ್ಯ. ತಿಳಿಸದೆ ಬಿಡುವುದನ್ನು ಶಾಸನವು ವಂಚನೆಯೆಂದೇ ಕರೆಯುತ್ತದೆ. ಎದುರಿಗೆ ಕಾಣುವ ಬಿರುಕನ್ನು ಬೊಟ್ಟುಮಾಡಿ ತೋರಿಸಬೇಕಾಗಿಲ್ಲ; ನೆಲದ ಕೆಳಗೆ ಒಡೆದಿರುವ ಒಳಚರಂಡಿಯ ಕೊಳವೆಯನ್ನೂ ನ್ಯಾಯಾಲಯದಲ್ಲಿರುವ ವ್ಯಾಜ್ಯವನ್ನೂ ಹೇಳಲೇಬೇಕು. ಸ್ವತ್ತನ್ನೂ ಹಕ್ಕನ್ನೂ ಕುರಿತು ಕೇಳಿದ ಸಂಬದ್ಧವಾದ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಉತ್ತರ ಕೊಡಬೇಕೆಂದೂ ಅದೇ ಪ್ರಕರಣವು ವಿಧಿಸುತ್ತದೆ. “ನಿಮ್ಮ ಅಕ್ಕತಂಗಿಯರು ರುಜು ಹಾಕುವರೆ?” ಎಂದು ಕೇಳಿದರೆ ಸಿಟ್ಟಾಗುವ ಯಜಮಾನರುಂಟು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗೆ ಸಮನಾದ ಹಕ್ಕು ೨೦೦೫ರ ತಿದ್ದುಪಡಿಯಿಂದ ಬಂದಿದೆ. ಕೊಳ್ಳುವವರು ಇದನ್ನು ಕೇಳುವುದು ನ್ಯಾಯವೇ. ಮನೆಯನ್ನು ತೋರಿಸುವ ಮುಂಚೆ ಅಕ್ಕತಂಗಿಯರನ್ನು ಕೇಳದಿರುವುದೇ ಅನ್ಯಾಯ.

ಇನ್ನು ಒಂದು ಬಗೆಯ ನೋಟಕರಿಗೆ ಮನಸ್ಸನ್ನು ಗಟ್ಟಿಮಾಡಿಕೊಂಡಿರಬೇಕು. ೧೮೯೮ರ ಪ್ಲೇಗಿನ ತರುವಾಯ ಜನವಸತಿ ಹೆಚ್ಚಿದ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳಲ್ಲಿ ನೆಲದ ಬೆಲೆಯೇ ಬೆಲೆ. ಹಳೆಯ ಕಟ್ಟಡಕ್ಕೆ ಲೆಕ್ಕವಿಲ್ಲ. ಇಂಥಲ್ಲಿ ಬರುವವರು ಅನೇಕವೇಳೆ ಮನೆಯೊಳಕ್ಕೆ ಕಾಲಿಡುವುದೇ ಇಲ್ಲ. ಅಂಗಳದಲ್ಲಿ ನಿಂತು ಅಳತೆಯ ಪಟ್ಟಿಯನ್ನು ಎಳೆಯುವರು, ರಸ್ತೆ ಎಷ್ಟು ಅಡಿ ಅಗಲವೆಂದು ಕೇಳುವರು, ಎಷ್ಟು ಅಂತಸ್ತು ಎಬ್ಬಿಸಬಹುದೆಂದು ತಮ್ಮತಮ್ಮಲ್ಲಿಯೇ ಮಾತನಾಡಿಕೊಳ್ಳುವರು. ನಲವತ್ತು ವರ್ಷ ಒರಸಿ ಹೊಳಪೇರಿದ ಕೆಂಪು ನೆಲವನ್ನೂ, ಮದುವೆಮುಂಜಿಗಳು ನಡೆದ ಹಜಾರವನ್ನೂ ಅವರು ಕಾಣುವುದಿಲ್ಲ. “ಇದನ್ನೆಲ್ಲ ಕೆಡವಿಬಿಡುತ್ತೇವೆ” ಎಂದು ಅವರು ಸಹಜವಾಗಿ ನುಡಿದ ಮಾತು ಒಳಗಿದ್ದ ಮುದುಕಿಯ ಕಿವಿಗೆ ಬಿದ್ದರೆ ಅದರ ನೋವನ್ನು ಬೆಲೆಯಿಂದ ತೂಗಲಾಗುವುದಿಲ್ಲ.

ಹೀಗೆ ಕೊಳ್ಳುವವರೇನೂ ಕೆಟ್ಟವರಲ್ಲ. ಅವರ ಉದ್ದೇಶ ಬೇರೆ. ಅದನ್ನು ದಲ್ಲಾಳಿಯ ಮೂಲಕ ಮೊದಲೇ ತಿಳಿದುಕೊಂಡು ಮನೆಯ ಹಿರಿಯರಿಗೆ ಮಕ್ಕಳೇ ಮೆಲ್ಲನೆ ಹೇಳುವುದು ಉಚಿತ. ಪರರ ಬಾಯಿಂದ ಅವರು ಕೇಳುವಂತಾಗಬಾರದು. ತೋರಿಸುವ ಹೊತ್ತಿನಲ್ಲಿ ಅವರು ದೇವಸ್ಥಾನಕ್ಕೋ ನಂಟರ ಮನೆಗೋ ಹೋಗಲಿಚ್ಛಿಸಿದರೆ ಹೋಗಲಿ. ಮನೆಯಲ್ಲಿಯೇ ಇರುವೆನೆಂದರೆ ಅವರ ಕೋಣೆಯ ಬಾಗಿಲನ್ನು ಕೊನೆಯಲ್ಲಿ, ಅವರ ಅಪ್ಪಣೆ ಪಡೆದು ತೆರೆಯಿರಿ. ವೃದ್ಧರ ಹೆಸರಿನಲ್ಲಿರುವ ಮನೆಯನ್ನು ಅವರು ಮನಸಾರೆ ಒಪ್ಪುವ ಮುಂಚೆಯೇ ಊರಿಗೆಲ್ಲ ತೋರಿಸುತ್ತ ಹೋಗುವುದು ಯಾವ ಮಕ್ಕಳಿಗೂ ಶೋಭಿಸುವುದಿಲ್ಲ.

ಕೆಡವುವವರಿಗೆ ಮಾರುವಾಗ ಇನ್ನೊಂದು ಎಚ್ಚರಿಕೆ. ಮೇಲೆ ಹೇಳಿದ ಶಾಸನದ ೮ನೆಯ ಪ್ರಕರಣದಂತೆ ಮನೆಯನ್ನು ಮಾರಿದರೆ ಬಾಗಿಲು, ಕಿಟಕಿ, ಬೀಗ, ಕೀಲಿಕೈ ಮೊದಲಾಗಿ ಶಾಶ್ವತ ಉಪಯೋಗಕ್ಕೆ ಅಳವಡಿಸಿದ ವಸ್ತುಗಳು ಮನೆಯೊಡನೆಯೇ ಸಲ್ಲುತ್ತವೆ. ಅಜ್ಜನ ಕಾಲದ ತೇಗದ ಬಾಗಿಲು, ಕಲ್ಲಿನ ತುಳಸಿಕಟ್ಟೆ, ತೂಗುಮಣೆಯ ಹಿತ್ತಾಳೆ ಸರಪಣಿ ಇವುಗಳಲ್ಲಿ ನಿಮಗೆ ಬೇಕಾದುದನ್ನು ನೋಡಲು ಬಂದಾಗಲೇ ತಿಳಿಸಿ ಕರಾರುಪತ್ರದಲ್ಲಿ ಬರೆಸಿರಿ. ಆಮೇಲೆ ಕೇಳಿದರೆ ಅದು ಬೇಡುವುದಾಗುತ್ತದೆ.

ಭದ್ರತೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಒಬ್ಬರೇ ಇರುವಾಗ ಅಪರಿಚಿತರನ್ನು ಒಳಗೆ ಬಿಡಬೇಡಿರಿ, ನೆರೆಯವರನ್ನಾದರೂ ಕರೆದುಕೊಳ್ಳಿರಿ. ಬರುವವರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿರಿ. ಆಭರಣ, ಬೆಳ್ಳಿಯ ಪೂಜಾಪಾತ್ರೆಗಳನ್ನು ಒಳಗಿಡಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಮಕ್ಕಳ ಚಿತ್ರವನ್ನು ತೆಗೆಯದಂತೆ ನೋಡಿಕೊಳ್ಳಿರಿ. ಮೂಲ ಕ್ರಯಪತ್ರವನ್ನು ಮನೆಯಲ್ಲಿ ಕೂತು ನೋಡಲಿ, ಕೈಯಿಂದ ಹೊರಗೆ ಬಿಡಬೇಡಿರಿ. ಖಾತೆ, ಋಣಭಾರ ಪತ್ರ, ಕಂದಾಯದ ರಸೀದಿಗಳ ನಕಲನ್ನು ಕೊಡುವುದಾದರೂ “ಪರಿಶೀಲನೆಗೆ ಮಾತ್ರ” ಎಂದು ಅಡ್ಡಲಾಗಿ ಬರೆದು ಕೊಡಿರಿ. ಮನೆಯನ್ನು ನೋಡದೆಯೇ ಮುಂಗಡ ಕಳುಹಿಸುವೆವೆಂದು ಮೊಬೈಲಿನಲ್ಲಿ ಗುಪ್ತಸಂಖ್ಯೆಯನ್ನು ಒತ್ತಲು ಹೇಳುವವರು ಮೋಸಗಾರರು. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಕಾಗಿಲ್ಲ, ಕೊಡುವುದಕ್ಕೆ ಮಾತ್ರ ಬೇಕು.

ಕೊನೆಯದಾಗಿ, ಬೆಲೆಯ ಮಾತು. ಎರಡನೆಯ ಮೂರನೆಯ ಭೇಟಿಯಲ್ಲಿ ಕೆಲವರು ದನಿ ತಗ್ಗಿಸಿ, ಅರ್ಧವನ್ನು ಕಾಗದದಲ್ಲಿ ತೋರಿಸೋಣ, ಉಳಿದುದನ್ನು ನಗದಾಗಿ ಕೊಡುವೆವು ಎನ್ನುವರು. ಕರ್ನಾಟಕದಲ್ಲಿ ನೋಂದಣಿಯ ಶುಲ್ಕವು ೨೦೨೫ರ ಆಗಸ್ಟ್ ೩೧ರಿಂದ ನೂರಕ್ಕೆ ಒಂದರಿಂದ ಎರಡಕ್ಕೆ ಏರಿದುದರಿಂದ ಈ ಮಾತಿಗೆ ಮತ್ತಷ್ಟು ಬಲ ಬಂದಿದೆ. ಆದರೆ ಸ್ಥಿರಸ್ವತ್ತಿನ ವ್ಯವಹಾರದಲ್ಲಿ ೨೦,೦೦೦ ರೂಪಾಯಿಗಳನ್ನಾಗಲಿ ಅದಕ್ಕೆ ಮೇಲ್ಪಟ್ಟ ಮೊತ್ತವನ್ನಾಗಲಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ೨೦೧೫ರಿಂದ ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಾಗೆಯೇ, ಒಳ್ಳೆಯ ಗಿರಾಕಿ ಕೈತಪ್ಪುವನೆಂಬ ಭಯದಿಂದ ಮೊದಲ ದಿನವೇ ಮುಂಗಡವನ್ನು ಹಿಡಿಯಬೇಡಿರಿ. ಬೆಲೆ, ಅವಧಿ, ಬಿಟ್ಟುಕೊಡುವ ದಿನ, ಮಾತು ಮುರಿದರೆ ಮುಂಗಡದ ಗತಿ ಇವನ್ನು ಬರೆದಮೇಲೆಯೇ ಹಣವನ್ನು ಮುಟ್ಟಿರಿ.

ಮನೆ ತೋರಿಸುವ ಈ ಕೆಲಸದಲ್ಲಿ ಗೃಹಸ್ಥನಿಗೆ ಬೇಕಾದುದು ಜಾಣತನಕ್ಕಿಂತ ನಿಲುವು. ಇದ್ದುದನ್ನು ಇದ್ದಂತೆ ತೋರಿಸಿ, ಕೇಳಿದ್ದಕ್ಕೆ ನಿಜ ಹೇಳಿ ಮಾರಿದವನು ಮುಂದೆ ಆ ಬೀದಿಯಲ್ಲಿ ಎಂದು ಹಾದುಹೋದರೂ, ಅಲ್ಲಿ ತನ್ನ ಮನೆ ನಿಂತಿರಲಿ, ನಾಲ್ಕು ಅಂತಸ್ತಿನ ಬೇರೊಂದು ಕಟ್ಟಡ ಎದ್ದಿರಲಿ, ತಲೆಯೆತ್ತಿ ನಡೆಯಬಲ್ಲನು.