ಹಳೇ ಯಜಮಾನ ವಾಪಸ್ ಬಂದರೆ ಮನೆಯಲ್ಲಿದ್ದವರ ಗತಿಯೇನು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಚುನಾವಣೆ ಹತ್ತಿರವಾದಾಗ ಯಾವ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತೆ: 'ಅವ್ರು ವಾಪಸ್ ಬತ್ತಾರಂತಲ್ಲ?' ಅವರು ಅಂದರೆ ಪಕ್ಷ ಬಿಟ್ಟು ಹೋದ ನಾಯಕರು. ಯಾವ ಪಕ್ಷ, ಯಾವ ನಾಯಕರು ಅನ್ನುವುದು ಐದು ವರ್ಷಕ್ಕೊಮ್ಮೆ ಬದಲಾಗುತ್ತೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಫಾರ್ಮುಲಾ ಒನ್ ಲೋಕದಲ್ಲಿ 2024ರಿಂದ ನಡೆಯುತ್ತಿರುವ ಒಂದು ಘರ್ ವಾಪ್ಸಿಯ ಕಥೆಯನ್ನು ಓದುವಾಗ ನನಗೆ ದೂರದ ಸುದ್ದಿ ಓದಿದಂತೆ ಅನ್ನಿಸಲೇ ಇಲ್ಲ.

ಕಥೆಯ ನಾಯಕ ಫ್ಲಾವಿಯೊ ಬ್ರಿಯಾಟೊರೆ. ಇಟಲಿಯವರು, 1950ರಲ್ಲಿ ಹುಟ್ಟಿದವರು. ರೇಸ್ ಕಾರು ಓಡಿಸಿದವರಲ್ಲ, ಎಂಜಿನಿಯರೂ ಅಲ್ಲ. ಬೆನೆಟನ್ ಬಟ್ಟೆ ಕಂಪನಿಯ ಅಂಗಡಿಗಳನ್ನು ಅಮೆರಿಕದಲ್ಲಿ ಬೆಳೆಸಿದ ವ್ಯಾಪಾರಿ. ಅದೇ ಕಂಪನಿಯ ರೇಸಿಂಗ್ ತಂಡಕ್ಕೆ ಯಜಮಾನರಾಗಿ ಬಂದು, ಮೈಕಲ್ ಶೂಮಾಕರ್ ಎಂಬ ಹುಡುಗನನ್ನು ತಂದು ಕೂರಿಸಿ 1994 ಮತ್ತು 1995ರಲ್ಲಿ ಚಾಂಪಿಯನ್ ಮಾಡಿದರು. 1997ರಲ್ಲಿ ಅಲ್ಲಿಂದ ಹೊರಬಿದ್ದರು. 2000ದಲ್ಲಿ ರೆನೊ ಕಂಪನಿ ಆ ತಂಡವನ್ನು ಕೊಂಡಾಗ ಮತ್ತೆ ಅದೇ ಕುರ್ಚಿಗೆ ಬಂದರು. ಈ ಸಲ ಫರ್ನಾಂಡೊ ಅಲೊನ್ಸೊ, 2005 ಮತ್ತು 2006ರ ಪ್ರಶಸ್ತಿಗಳು. ಅಂದರೆ 2024ರದ್ದು ಬ್ರಿಯಾಟೊರೆ ಅವರ ಮೊದಲ ವಾಪಸಾತಿಯಲ್ಲ, ಎರಡನೆಯದು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಫಾರ್ಮುಲಾ ಒನ್ ತಂಡಗಳ ಬೋರ್ಡು ಬದಲಾಗುತ್ತಿರುತ್ತೆ, ಒಳಗಿನ ಶೆಡ್ಡು ಅದೇ ಇರುತ್ತೆ. ಇಂಗ್ಲೆಂಡಿನ ಎನ್‌ಸ್ಟೋನ್ ಎಂಬ ಊರಿನಲ್ಲಿರುವ ಈ ತಂಡ ಮೊದಲು ಟೋಲ್‌ಮನ್ ಆಗಿತ್ತು, ಆಮೇಲೆ ಬೆನೆಟನ್, ಆಮೇಲೆ ರೆನೊ, ನಡುವೆ ಲೋಟಸ್, ಮತ್ತೆ ರೆನೊ, 2021ರಿಂದ ಆಲ್ಪಿನ್. ಜನತಾ ಪಕ್ಷ, ಜನತಾದಳ, ಜೆಡಿಎಸ್ ಅಂತ ಬೋರ್ಡು ಬದಲಾದರೂ ಅದೇ ಮುಖಗಳನ್ನು ನೋಡಿದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರಿಯಾಟೊರೆ ಎರಡನೇ ಸಲ ಹೊರಬಿದ್ದದ್ದು ಕೆಟ್ಟ ರೀತಿಯಲ್ಲಿ. 2008ರ ಸೆಪ್ಟೆಂಬರ್‌ನಲ್ಲಿ ಸಿಂಗಪುರ ರೇಸ್. ರೆನೊ ತಂಡದ ಎರಡನೇ ಚಾಲಕ ನೆಲ್ಸನ್ ಪಿಕೆ ಜೂನಿಯರ್ ಬೇಕಂತಲೇ ಕಾರನ್ನು ಗೋಡೆಗೆ ಗುದ್ದಿಸಿದ. ರಕ್ಷಣಾ ಕಾರು ಹಳಿಗೆ ಬಂತು, ಆಗಲೇ ಪೆಟ್ರೋಲ್ ತುಂಬಿಸಿಕೊಂಡಿದ್ದ ಅಲೊನ್ಸೊಗೆ ಲಾಭವಾಯಿತು, ಆತ ಗೆದ್ದ. ಮರುವರ್ಷ ತಂಡದಿಂದ ಕೈಬಿಟ್ಟ ಮೇಲೆ ಪಿಕೆ ಬಾಯಿಬಿಟ್ಟ. 2009ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆ ಎಫ್‌ಐಎ ಬ್ರಿಯಾಟೊರೆ ಅವರನ್ನು ಅನಿರ್ದಿಷ್ಟ ಕಾಲ ಹೊರಗಿಟ್ಟಿತು. 2010ರ ಜನವರಿಯಲ್ಲಿ ಪ್ಯಾರಿಸ್ ಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. ನಿಷೇಧ ಹೋಯಿತು, ಆದರೆ ಸಿಂಗಪುರದ ನೆರಳು ಹೋಗಲಿಲ್ಲ. ಆ ವರ್ಷ ಒಂದೇ ಅಂಕದಿಂದ ವಿಶ್ವ ಪ್ರಶಸ್ತಿ ಕಳೆದುಕೊಂಡ ಫೆಲಿಪೆ ಮಾಸ್ಸಾ ಎಫ್‌ಐಎ ಮತ್ತಿತರರ ಮೇಲೆ ಲಂಡನ್ನಿನ ಕೋರ್ಟಿನಲ್ಲಿ ದಾವೆ ಹೂಡಿ ಇವತ್ತಿಗೂ ಅಲೆಯುತ್ತಿದ್ದಾರೆ.

ಇಂಥ ಹಿನ್ನೆಲೆಯ ಮನುಷ್ಯನನ್ನು 2024ರ ಜೂನ್‌ನಲ್ಲಿ ರೆನೊ ಮುಖ್ಯಸ್ಥ ಲುಕಾ ಡಿ ಮಿಯೊ 'ಕಾರ್ಯನಿರ್ವಾಹಕ ಸಲಹೆಗಾರ' ಅಂತ ಅದೇ ಎನ್‌ಸ್ಟೋನ್ ತಂಡಕ್ಕೆ ವಾಪಸ್ ಕರೆತಂದರು. ಸಲಹೆಗಾರ! ನಮ್ಮ ಕಡೆ ಹುದ್ದೆಯಿಲ್ಲದ ನಾಯಕರಿಗೆ ನಿಗಮ ಮಂಡಳಿ ಕೊಡುವ ಹಾಗೆ ಮೊದಮೊದಲು ಕಂಡಿತು. ಒಂದು ವರ್ಷ ತುಂಬುವುದರೊಳಗೆ ಸಲಹೆ ಯಾವುದು, ಆಜ್ಞೆ ಯಾವುದು ಅಂತ ಎಲ್ಲರಿಗೂ ಗೊತ್ತಾಯಿತು. ಬ್ರೂನೊ ಫಮಿನ್ ಹೋದರು, ಆಲಿವರ್ ಓಕ್ಸ್ ಬಂದರು. 2025ರ ಮೇನಲ್ಲಿ ಓಕ್ಸ್ ಕೂಡ ರಾಜೀನಾಮೆ ಕೊಟ್ಟರು, ಅವರ ಕೆಲಸವನ್ನೂ ಬ್ರಿಯಾಟೊರೆ ವಹಿಸಿಕೊಂಡರು. ಆ ವರ್ಷ ಆರೇ ಆರು ರೇಸ್ ಆಡಿದ್ದ ಜ್ಯಾಕ್ ಡೂಹನ್ ಎಂಬ ಹೊಸ ಹುಡುಗನನ್ನು ಇಳಿಸಿ ಫ್ರಾಂಕೊ ಕೊಲಪಿಂಟೊನನ್ನು ಕೂರಿಸಿದರು.

ಆದರೆ ನಾನು ಬರೆಯಬೇಕು ಅಂತ ಕೂತದ್ದು ಚಾಲಕರ ಬಗ್ಗೆ ಅಲ್ಲ, ವಿರಿ ಶಾತಿಯೊನ್ ಬಗ್ಗೆ. ಪ್ಯಾರಿಸ್ ಪಕ್ಕದ ಈ ಊರಲ್ಲಿ ರೆನೊ ರೇಸ್ ಎಂಜಿನ್‌ಗಳ ಕಾರ್ಖಾನೆಯಿದೆ. 1977ರಲ್ಲಿ ಫಾರ್ಮುಲಾ ಒನ್‌ಗೆ ಟರ್ಬೊ ಎಂಜಿನ್ ತಂದದ್ದು ಇವರೇ. ವಿಲಿಯಮ್ಸ್, ಬೆನೆಟನ್, ರೆನೊ, ರೆಡ್ ಬುಲ್ ತಂಡಗಳ ಒಟ್ಟು 12 ತಂಡ ಪ್ರಶಸ್ತಿಗಳ ಹಿಂದೆ ರೆನೊ ಎಂಜಿನ್ ಇತ್ತು. ಬ್ರಿಯಾಟೊರೆ ಅವರ 1995, 2005, 2006ರ ಗೆಲುವುಗಳೂ ಆ ಲೆಕ್ಕದಲ್ಲೇ ಬರುತ್ತವೆ. ಅವರು ವಾಪಸಾಗಿ ಮೂರು ತಿಂಗಳು ಕಳೆಯುತ್ತಿದ್ದಂತೆ, 2024ರ ಸೆಪ್ಟೆಂಬರ್ 30ರಂದು, 2025ರ ನಂತರ ಆ ಕಾರ್ಖಾನೆಯಲ್ಲಿ ಫಾರ್ಮುಲಾ ಒನ್ ಎಂಜಿನ್ ಮಾಡುವುದಿಲ್ಲ ಅಂತ ಕಂಪನಿ ಘೋಷಿಸಿತು. 2026ರಿಂದ ಆಲ್ಪಿನ್ ಕಾರಿಗೆ ಮರ್ಸಿಡಿಸ್‌ನಿಂದ ಕೊಂಡು ತಂದ ಎಂಜಿನ್. ಮುನ್ನೂರಕ್ಕೂ ಹೆಚ್ಚು ನೌಕರರಿಗೆ ಕಂಪನಿಯೊಳಗೇ ಬೇರೆ ಕೆಲಸ ಕೊಡುತ್ತೇವೆ ಅಂತ ಹೇಳಲಾಯಿತು. ಅದಕ್ಕೂ ಮೊದಲೇ ಮೊನ್ಜಾ ರೇಸ್‌ಗೆ ಬಂದು ಪ್ರತಿಭಟಿಸಿದ ನೌಕರರಿಗೆ ಸಿಕ್ಕ ಉತ್ತರ ಇಷ್ಟೇ.

ವಾದದ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡಬಾರದು. 2014ರಲ್ಲಿ ಹೈಬ್ರಿಡ್ ಎಂಜಿನ್ ಬಂದ ದಿನದಿಂದ ರೆನೊ ಎಂಜಿನ್ ಮರ್ಸಿಡಿಸ್‌ಗಿಂತ ಹಿಂದೆ ಬಿದ್ದಿತ್ತು. 2023ರಲ್ಲಿ ತಂಡವೇ ನಮ್ಮ ಎಂಜಿನ್ ಬಲ ಕಡಿಮೆ, ಸರಿದೂಗಿಸಲು ಅವಕಾಶ ಕೊಡಿ ಅಂತ ಕೇಳಿಕೊಂಡಿತ್ತು. ಸ್ವಂತಕ್ಕೆ ಮಾಡುವುದಕ್ಕಿಂತ ಕೊಂಡರೆ ಅಗ್ಗ, ಮೇಲಾಗಿ ಬಲವೂ ಹೆಚ್ಚು. ಲೆಕ್ಕಪತ್ರ ಹಿಡಿದು ಕೂತರೆ ನಿರ್ಧಾರ ಸರಿಯೇ ಅನ್ನಿಸುತ್ತೆ. ನನ್ನ ತಕರಾರು ಲೆಕ್ಕದ ಬಗ್ಗೆ ಅಲ್ಲ. ಫ್ರಾನ್ಸಿನ ಸರ್ಕಾರಕ್ಕೇ ಪಾಲಿರುವ ಕಂಪನಿ, ಫ್ರಾನ್ಸಿನ ಹೆಮ್ಮೆಯ ಎಂಜಿನ್ ಕಾರ್ಖಾನೆಯ ಮುಖ್ಯ ಕೆಲಸಕ್ಕೆ ಬೀಗ ಹಾಕಬೇಕಾದಾಗ ಯಾರನ್ನು ಮುಂದೆ ನಿಲ್ಲಿಸಿತು? ಊರಿನ ನಂಟಿಲ್ಲದ, ಬೈಗುಳಕ್ಕೆ ಅಂಜದ, ಕಳೆದುಕೊಳ್ಳಲು ಹೆಸರೂ ಉಳಿದಿರದ ಹಳೇ ಯಜಮಾನನನ್ನು. ಗೆಲ್ಲಿಸುವುದಕ್ಕೆ ಕರೆದರು ಅನ್ನುವುದು ಹಾರ ಹಾಕುವಾಗ ಹೇಳುವ ಮಾತು. ತಾವು ಮಾಡಲಾಗದ ಕೆಲಸ ಮಾಡಿಸುವುದಕ್ಕೆ ಕರೆದರು ಅನ್ನುವುದು ನನ್ನ ಓದು. ಕರೆತಂದ ಡಿ ಮಿಯೊ 2025ರಲ್ಲಿ ರೆನೊ ಬಿಟ್ಟು ಬೇರೆ ಕಂಪನಿಗೆ ಹೋದರು.

ಈಗ ಕೆ.ಆರ್.ಪೇಟೆಗೆ ಬರೋಣ. ಹಳೇ ಮನೆಗೆ ವಾಪಸಾದ ನಾಯಕರ ಪೈಕಿ ಕರ್ನಾಟಕ ಕಂಡ ಅತಿ ದೊಡ್ಡ ಉದಾಹರಣೆ ಇದೇ ತಾಲ್ಲೂಕಿನ ಬೂಕನಕೆರೆಯವರು. ಬಿ.ಎಸ್.ಯಡಿಯೂರಪ್ಪ 2012ರ ಕೊನೆಗೆ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದರು. 2013ರ ಚುನಾವಣೆಯಲ್ಲಿ ಕೆಜೆಪಿ ಗೆದ್ದದ್ದು ಆರೇ ಸೀಟು, ಆದರೆ ನೂರಕ್ಕೆ ಹತ್ತರ ಹತ್ತಿರ ಮತ ತೆಗೆದುಕೊಂಡು ಬಿಜೆಪಿಯನ್ನು 40ಕ್ಕೆ ಇಳಿಸಿತು. 2014ರ ಜನವರಿಯಲ್ಲಿ ಅವರು ವಾಪಸಾದಾಗ ಕೈಯಲ್ಲಿ ಆ ಲೆಕ್ಕವಿತ್ತು. ನಾನಿಲ್ಲದಿದ್ದರೆ ನಿಮಗೆ ಎಷ್ಟು ನಷ್ಟ ಅಂತ ತೋರಿಸಿ ಬಂದ ನಾಯಕ, ಕರೆದವರ ಋಣದಲ್ಲಿ ಇರಲಿಲ್ಲ. ಬ್ರಿಯಾಟೊರೆಗೆ ಅಂಥ ಲೆಕ್ಕವೇನೂ ಇರಲಿಲ್ಲ. ಹದಿನೈದು ವರ್ಷ ಅವರಿಲ್ಲದೆ ಎನ್‌ಸ್ಟೋನ್ ನಡೆದಿತ್ತು, ಚೆನ್ನಾಗಿಯೋ ಕೆಟ್ಟದಾಗಿಯೋ. ಬಲ ತೋರಿಸಿ ಬರುವುದು ಬೇರೆ, ಕೆಲಸಕ್ಕೆ ಕರೆಸಿಕೊಳ್ಳುವುದು ಬೇರೆ.

ಆದರೆ ಬೆಲೆ ತೆರುವವರ ವಿಷಯದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. 2019ರಲ್ಲಿ ಯಡಿಯೂರಪ್ಪ ಮತ್ತೆ ಮುಖ್ಯಮಂತ್ರಿ ಆಗಲು ಹಲವು ಶಾಸಕರ ರಾಜೀನಾಮೆ ಬೇಕಾಯಿತು. ಅದರಲ್ಲಿ ಒಬ್ಬರು ಕೆ.ಆರ್.ಪೇಟೆಯ ಜೆಡಿಎಸ್ ಶಾಸಕ ನಾರಾಯಣಗೌಡ. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಗೆದ್ದು ಮಂಡ್ಯ ಜಿಲ್ಲೆಯಲ್ಲಿ ಕಮಲದ ಖಾತೆ ತೆರೆದರು, ಆಮೇಲೆ ಸಚಿವರಾದರು. (ಕ್ರೀಡಾ ಖಾತೆಯೂ ಅವರ ಬಳಿ ಇತ್ತು, ಲೇಖನದ ವಿಷಯಕ್ಕೆ ಕಾಕತಾಳೀಯ.) ಸೋಲುವುದು ಗೊತ್ತಿದ್ದೂ ವರ್ಷಗಟ್ಟಲೆ ಅಲ್ಲಿ ಬಾವುಟ ಕಟ್ಟಿದ್ದ ಬಿಜೆಪಿ ಕಾರ್ಯಕರ್ತರು ಏನಾದರು? 'ಮೂಲ'ದವರು, 'ವಲಸಿಗರು' ಅನ್ನುವ ಎರಡು ಪದಗಳು ಆ ದಿನಗಳ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದವೋ ಲೆಕ್ಕವಿಲ್ಲ. 2023ರಲ್ಲಿ ಜೆಡಿಎಸ್‌ನ ಎಚ್.ಟಿ.ಮಂಜು ಆ ಸೀಟನ್ನು ವಾಪಸ್ ಪಡೆದರು.

ನಾಗಮಂಗಲದ್ದು ಇನ್ನೂ ಮಜಾ. 2013ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಚಲುವರಾಯಸ್ವಾಮಿ 2016ರ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತ ಹಾಕಿ, 2018ರಲ್ಲಿ ಕಾಂಗ್ರೆಸ್ ಸೇರಿದರು. 2008ರಲ್ಲಿ ಕಾಂಗ್ರೆಸ್‌ನಿಂದ ಗೆದ್ದಿದ್ದ ಸುರೇಶ್‌ಗೌಡ 2018ರಲ್ಲಿ ಜೆಡಿಎಸ್‌ನಿಂದ ಗೆದ್ದರು. ಇಬ್ಬರೂ ಮನೆ ಅದಲುಬದಲು ಮಾಡಿಕೊಂಡರು, ಕಾರ್ಯಕರ್ತರು ಮಾತ್ರ ನಿನ್ನೆಯ ಎದುರಾಳಿಗೆ ಜೈಕಾರ ಹಾಕುವುದನ್ನು ಹೊಸದಾಗಿ ಕಲಿಯಬೇಕಾಯಿತು. ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡರದ್ದೂ ಅದೇ ದಾರಿ: ಜೆಡಿಎಸ್‌ನಿಂದ ಹೊರಟು, 2018ರಲ್ಲಿ ಸೋತು, 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು.

ಪಾಂಡವಪುರದಲ್ಲಿ ನನಗೆ ವಿರಿ ನೆನಪಾಗುವುದು ಬೇರೆ ಕಾರಣಕ್ಕೆ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆ ಪಿಎಸ್‌ಎಸ್‌ಕೆ ವರ್ಷಗಟ್ಟಲೆ ನಿಂತುಹೋಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಕಂಪನಿಯ ಕೈಸೇರಿತು. ಕಬ್ಬು ಅರೆಯುವುದು ಶುರುವಾಯಿತು, ಅದು ಒಳ್ಳೆಯದೇ. ಒಣಗಿ ನಿಂತ ಕಬ್ಬಿಗೆ ಗಿರಾಕಿ ಸಿಕ್ಕರೆ ಯಾವ ರೈತನೂ ಬೇಡ ಅನ್ನಲ್ಲ. ಆದರೆ ಷೇರು ಹಾಕಿ ಕಟ್ಟಿಕೊಂಡ ಕಾರ್ಖಾನೆಯ ಗೇಟಿನಲ್ಲಿ ರೈತ ಈಗ ಯಜಮಾನನಲ್ಲ, ಕಬ್ಬು ಹಾಕುವವನು ಅಷ್ಟೇ. ಎನ್‌ಸ್ಟೋನ್ ಕೂಡ ಇನ್ನು ಮುಂದೆ ಎಂಜಿನ್ ಮಾಡುವ ಕಂಪನಿಯ ತಂಡವಲ್ಲ, ಎದುರಾಳಿಯ ಬಳಿ ಎಂಜಿನ್ ಕೊಳ್ಳುವ ಗಿರಾಕಿ. ಕಾರು ಜೋರಾಗಿ ಓಡಬಹುದು, ಕಾರ್ಖಾನೆ ಚೆನ್ನಾಗಿ ಅರೆಯಬಹುದು. ಕೈತಪ್ಪಿದ ಒಡೆತನ ಮಾತ್ರ ಯಾವ ನಾಯಕನ ವಾಪಸಾತಿಯಿಂದಲೂ ಮರಳಿ ಬರಲ್ಲ.

ಫಾರ್ಮುಲಾ ಒನ್ ಯಜಮಾನರಲ್ಲಿ ನಮ್ಮವರೂ ಒಬ್ಬರಿದ್ದರು ಅನ್ನುವುದನ್ನು ಮರೆಯುವ ಹಾಗಿಲ್ಲ. ವಿಜಯ್ ಮಲ್ಯ. ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪುವಿನ ಕತ್ತಿಯನ್ನು ಲಂಡನ್ನಿನ ಹರಾಜಿನಲ್ಲಿ ಕೊಂಡೆ ಅಂತ 2004ರ ಚುನಾವಣೆ ಹೊತ್ತಿಗೆ ತೋರಿಸಿಕೊಂಡವರು. 2010ರಲ್ಲಿ ಜೆಡಿಎಸ್ ಬೆಂಬಲದಿಂದ ರಾಜ್ಯಸಭೆಗೆ ಹೋದವರು. 2007ರಲ್ಲಿ ಸ್ಪೈಕರ್ ತಂಡ ಕೊಂಡು ಫೋರ್ಸ್ ಇಂಡಿಯಾ ಅಂತ ಹೆಸರಿಟ್ಟರು. 2016, 2017ರಲ್ಲಿ ಸಣ್ಣ ಬಜೆಟ್ಟಿನ ಆ ತಂಡ ನಾಲ್ಕನೇ ಸ್ಥಾನಕ್ಕೆ ಬಂದದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ 2018ರ ಜುಲೈನಲ್ಲಿ ದುಡ್ಡಿಲ್ಲದೆ ತಂಡ ದಿವಾಳಿ ಅಂಚಿಗೆ ಬಂದಾಗ ಕೋರ್ಟಿಗೆ ಹೋಗಿ ಅದನ್ನು ಉಳಿಸಲು ಮುಂದಾದದ್ದು ಸಂಬಳ ಬಾಕಿಯಿದ್ದ ಚಾಲಕ ಸೆರ್ಜಿಯೊ ಪೆರೆಜ್. ಲಾರೆನ್ಸ್ ಸ್ಟ್ರೋಲ್ ಗುಂಪು ಕೊಂಡಿತು, 405 ಜನರ ಕೆಲಸ ಉಳಿಯಿತು. ಇವತ್ತು ಆ ಶೆಡ್ಡಿನ ಮೇಲೆ ಆಸ್ಟನ್ ಮಾರ್ಟಿನ್ ಬೋರ್ಡಿದೆ. ಯಜಮಾನ ವಾಪಸ್ ಬಾರದೆಯೇ ನೌಕರರು ಬಚಾವಾದ ಉದಾಹರಣೆ ಇದು. ಅದೇ ಮಲ್ಯರ ಕಿಂಗ್‌ಫಿಷರ್ ವಿಮಾನದಲ್ಲಿ ದುಡಿದವರಿಗೆ ಆ ಅದೃಷ್ಟವೂ ಇರಲಿಲ್ಲ.

ಇನ್ನು ಬ್ರಿಯಾಟೊರೆ ಗೆಲ್ಲಿಸಿದರಾ? 2024ರ ಬ್ರೆಜಿಲ್ ರೇಸ್‌ನಲ್ಲಿ ಮಳೆಯ ಕೃಪೆಯಿಂದ ಆಲ್ಪಿನ್‌ನ ಇಬ್ಬರೂ ಎರಡು, ಮೂರನೇ ಸ್ಥಾನಕ್ಕೆ ಬಂದರು, ತಂಡ ಆರನೆಯದಾಯಿತು. 2025ರಲ್ಲಿ ಹತ್ತು ತಂಡಗಳಲ್ಲಿ ಹತ್ತನೆಯದು. ಇಡೀ ವರ್ಷ ಬಂದದ್ದು 22 ಅಂಕ, ಎಲ್ಲವೂ ಪಿಯರ್ ಗ್ಯಾಸ್ಲಿ ಒಬ್ಬನದೇ. 2026ರ ಹೊಸ ನಿಯಮಗಳಿಗೆ ಸಿದ್ಧವಾಗಲು ಹಳೇ ಕಾರನ್ನು ಬೇಗ ಕೈಬಿಟ್ಟೆವು ಅಂತ ತಂಡ ಹೇಳುತ್ತೆ. ಇರಬಹುದು.

ಈ ನಡುವೆ ಇನ್ನೊಬ್ಬ ಹಳೇ ಯಜಮಾನ ಬಾಗಿಲ ಬಳಿ ನಿಂತಿದ್ದಾರೆ. ಇಪ್ಪತ್ತು ವರ್ಷ ರೆಡ್ ಬುಲ್ ನಡೆಸಿ 2025ರ ಜುಲೈನಲ್ಲಿ ಕುರ್ಚಿ ಕಳೆದುಕೊಂಡ ಕ್ರಿಶ್ಚಿಯನ್ ಹಾರ್ನರ್, ಆಲ್ಪಿನ್‌ನಲ್ಲಿ ಓಟ್ರೊ ಎಂಬ ಹೂಡಿಕೆದಾರರ ಬಳಿ ಇರುವ 24 ಪರ್ಸೆಂಟ್ ಪಾಲಿನ ಮೇಲೆ ಕಣ್ಣಿಟ್ಟವರಲ್ಲಿ ಒಬ್ಬರು. ಬ್ರಿಯಾಟೊರೆಗೆ ಹಳೇ ಗೆಳೆಯ. ಅವರು ಬರುವುದು ಸಂಬಳಕ್ಕಲ್ಲ, ಪಾಲಿಗೆ. ಬಂದರೆ ಯಾವ ಕುರ್ಚಿ, ಯಾರ ಮಾತು ನಡೆಯುತ್ತೆ ಅಂತ ಪತ್ರಿಕೆಗಳು ದಿನಾ ಬರೆಯುತ್ತಿವೆ. ಎನ್‌ಸ್ಟೋನ್ ಶೆಡ್ಡಿನಲ್ಲಿ ಬೆನೆಟನ್ ಕಾಲದಿಂದ ನಟ್ಟು ಬಿಗಿಯುತ್ತಾ ಬಂದವರು ಯಾರಾದರೂ ಇನ್ನೂ ಉಳಿದಿದ್ದರೆ, ಅವರು ಕೇಳುವ ಪ್ರಶ್ನೆ ಬೇರೆಯೇ ಇರುತ್ತೆ. ನಾಗಮಂಗಲದ ಬೂತ್ ಏಜೆಂಟ್ ಒಬ್ಬರನ್ನು ಕೇಳಿದರೆ ಅದನ್ನು ಅವರಿಗಿಂತ ಮೊದಲೇ ಹೇಳುತ್ತಾರೆ: 'ಬರೋರು ಬರ್ಲಿ, ಈ ಸಲ ಯಾರನ್ನ ಹೊರಗೆ ಹಾಕ್ತಾರಂತೆ?'